ಅಡೊಂಗೊಳ ಸಂಜೆಯ ಗುಳಿಗೆ

ಗುಳಿಗೆ ಶುರುಮಾಡಿದ ಮೂರನೆಯ ದಿನ ಬೆಳಿಗ್ಗೆ ಪುಟ್ಟ ಅಡೊಂಗೊಳ ಹಣೆ ಮುಟ್ಟಿದೆ. ಇನ್ನೂ ಸುಡುತ್ತಿತ್ತು.

ಮಲೇರಿಯಾದ ಹೊಸ ಗುಳಿಗೆಯನ್ನು ನಮ್ಮ ಸಿಯಾಯಾ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸುತ್ತಿದ್ದರು. ಮನೆಮನೆಗೆ ಹೋಗಿ ಮಕ್ಕಳನ್ನು ನೋಡಿಬರುವುದು ನನ್ನ ಕೆಲಸ. ಬೆಳಗಿನ ಗುಳಿಗೆಯನ್ನು ದಿನವೂ ನನ್ನ ಕಣ್ಣೆದುರೇ ನುಂಗಿಸುತ್ತಿದ್ದೆ. ಸಂಜೆಯದನ್ನು ಅವಳ ತಾಯಿ ಅಜ್ವಾಂಗಳ ಕೈಗೆ ಕೊಟ್ಟು ಹೋಗುತ್ತಿದ್ದೆ. ಈ ಹೊತ್ತಿಗೆ ಜ್ವರ ಇಳಿದಿರಬೇಕಿತ್ತು. ಮದ್ದೇ ಸೋತಿತೆ? ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನೇ.

“ಸಂಜೆ ಗುಳಿಗೆ ಕೊಟ್ಟೆ ತಾನೆ?”

“ಕೊಡದೆ ಇರ್ತೀನಾ ಅಕ್ಕಾ? ಗಂಜೀಲಿ ಅರೆದು ಕೊಟ್ಟೆ.”

“ವಾಂತಿ ಏನಾದ್ರೂ?”

“ಇಲ್ಲಪ್ಪ. ಎರಡು ದಿನಾನೂ ಇಬ್ರೂ ಚೆನ್ನಾಗೇ ನುಂಗಿದ್ರು.”

ಇಬ್ಬರೂ!

ಅಜ್ವಾಂಗಳ ಅತ್ತೆಯ ತೊಡೆಯ ಮೇಲೆ ಅಡೊಂಗೊಳ ಜೊತೆ ಹುಟ್ಟಿದ ಅವಳಿ, ಅಪಿಯೋ, ಆಡಿಕೊಂಡಿದ್ದಳು. ಅವಳ ರಕ್ತದಲ್ಲಿ ಮಲೇರಿಯಾ ಇರಲಿಲ್ಲ; ಗುಳಿಗೆ ಅಡೊಂಗೊಗೆ ಮಾತ್ರ.

“ಅರ್ಧರ್ಧ ಮಾಡಿದ್ರಾ?”

“ಮತ್ತೇನು?” ಅತ್ತೆ ರೇಗಿದಳು. “ಕಾಲೇಜು ಓದಿದ, ನಮ್ಮ ಲುವೋ ಕುಲದ ಹೆಣ್ಣು ನೀನು, ಇಷ್ಟೂ ಗೊತ್ತಿಲ್ವಾ? ಅವಳಿಗಳಲ್ಲಿ ಒಬ್ಳಿಗೆ ಕೊಟ್ಟು ಇನ್ನೊಬ್ಳಿಗೆ ಬಿಟ್ರೆ, ಬಿಟ್ಟೋಳು ಉಳೀತಾಳಾ? ಬಂದಾಗೆಲ್ಲ ನೂರೆಂಟು ಕೇಳ್ತೀಯ. ಇದನ್ನ ಕೇಳಿದ್ಯಾ?”

ಕೇಳಿರಲಿಲ್ಲ. ನನ್ನ ತವರಲ್ಲೂ ಅವಳಿಗಳಿಗೆ ಎಲ್ಲವೂ ಸಮ. ಗೊತ್ತಿದ್ದೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಡೊಂಗೊಳ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಅದುರತೊಡಗಿದವು. ಅಜ್ವಾಂಗ್ ಚೀರಿದಳು. ಮಗುವನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೇ ಡಾಕ್ಟರಿಗೆ ಫೋನು ಮಾಡಿದೆ.

“ಮದ್ದು ಇಬ್ಬರೂ ನುಂಗಿದ್ದಾರಲ್ಲ, ಇಬ್ಬರನ್ನೂ ಕರೆತನ್ನಿ. ಬೇಗ!”

ಬಾಡಿಗೆ ಬೈಕಿನವನ ಬೆನ್ನ ಹಿಂದೆ, ತಾಯಿಗೂ ನನಗೂ ನಡುವೆ ಎರಡು ಮಕ್ಕಳು. ಗುಂಡಿ ಬಂದು ಬೈಕು ನಿಧಾನವಾದಾಗಲೆಲ್ಲ ಅಡೊಂಗೊಳ ಮೂಗಿಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಹಳೆಯ, ನಂಬಿಕೆಯ ಔಷಧವನ್ನೇ ನರಕ್ಕೆ ಏರಿಸಲು ಸೂಜಿ ತೆಗೆದರು. ಅಜ್ವಾಂಗ್ ನರ್ಸಿನ ಕೈ ಹಿಡಿದುಕೊಂಡಳು. “ಅಪಿಯೋಗೂ ಚುಚ್ಚಿ ತಾಯೀ. ಇಲ್ದಿದ್ರೆ ಇವಳಿಗೂ ಬೇಡ.”

ವಾದಿಸಲು ಹೊತ್ತಿರಲಿಲ್ಲ. ನರ್ಸೂ ಲುವೋದವಳೇ, ಅವಳಿಗಳ ರೂಢಿ ಗೊತ್ತಿತ್ತು. ಚುಚ್ಚದೆಯೇ ಅಪಿಯೋಳ ತೋಳಿಗೊಂದು ಪಟ್ಟಿ ಅಂಟಿಸಿ, “ಇವಳದ್ದೂ ಆಯ್ತು, ಬಿಡು ಕೈ” ಎಂದಳು. ಅಜ್ವಾಂಗ್ ಕೈ ಬಿಟ್ಟಳು.

ಮಧ್ಯಾಹ್ನ ಮೂರರ ಹೊತ್ತಿಗೆ ಅಡೊಂಗೊ ಕ್ಷೀಣವಾಗಿ ಅತ್ತು, ನೀರು ಕೇಳಿದಳು. ಡಾಕ್ಟರು ಉಳಿಯುತ್ತಾಳೆ ಎಂದರು. ಆಗ ನನ್ನ ಪುಸ್ತಕ ತೆಗೆದು, ಬೇರೆ ಮನೆಗಳಲ್ಲಿ ಅವಳಿಗಳಿದ್ದಾರೆಯೇ ಎಂದು ನೋಡಿದೆ.

ಸರೋವರದ ದಂಡೆಯ ಮನೆಯೊಂದರಲ್ಲಿ ಅವಳಿ ಗಂಡುಮಕ್ಕಳಿದ್ದರು. ನಿನ್ನೆಯಷ್ಟೇ ಕಿರಿಯವನಿಗೆ ಮಾತ್ರ ಗುಳಿಗೆ ಶುರುಮಾಡಿದ್ದೆ. ಫೋನು ಮಾಡಿದೆ; ಯಾರೂ ಎತ್ತಲಿಲ್ಲ. ಸಂಜೆಯ ಗುಳಿಗೆಯ ಹೊತ್ತು ಹತ್ತಿರವಾಗುತ್ತಿತ್ತು.

“ಒಂದ್ ಲೋಟ ಚಹಾನಾದ್ರೂ ಕುಡೀರಿ ಅಕ್ಕಾ, ಮುಖ ಬೂದಿ ಆಗೋಗಿದೆ” ಎಂದ ಬೈಕಿನವನು.

“ಗಾಡಿ ತೆಗಿ” ಎಂದೆ.