ಸಾವು ಹೇಳುವವನ ಮನೆ

ಕೆಂಚಮ್ಮ ಅಪ್ಪನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದಾಗ ಬೇಲಿಯಾಚೆಯಿಂದ ಕೂಗು ಕೇಳಿತು.

“ಲೇ ಕೆಂಚಾ! ಬಾರ್ಲಾ ಈಚೆಗೆ!”

ಮೇಲಿನ ಬೀದಿಯ ಮುನಿರಾಮಯ್ಯ. ಹಟ್ಟಿಯೊಳಕ್ಕೆ ಕಾಲಿಡದೆ ಅಲ್ಲಿಂದಲೇ ಕೂಗುವುದು ಅವನ ವಾಡಿಕೆ.

“ನಮ್ಮಪ್ಪ ಬೆಳಿಗ್ಗೆ ತೀರ್ಕಂಡ ಗೌಡ್ರೆ,” ಎಂದಳು.

“ಥೂ, ಇವತ್ತೇ ಸಾಯ್ಬೇಕಿತ್ತಾ! ನಮ್ಮತ್ತೆ ಓಗ್ಬುಟ್ಲು ಕಣವ್ವ. ಮಾಗಡಿಗೆ ಯೋಳಿ ಕಳಿಸ್ಬೇಕು. ನಿನ್ ತಮ್ಮನ್ನ ಅಟ್ಟು ಮತ್ತೆ.”

ಕೆಂಚಮ್ಮನಿಗೆ ಮೈಯೆಲ್ಲ ಉರಿಯಿತು. ಹೆಣ ಇನ್ನೂ ಎತ್ತಿಲ್ಲ, ಆಗಲೇ ಮಗನಿಗೆ ಪಟ್ಟ! ಊರಿಗೆ ಬಸ್ಸು ಬರುತ್ತದೆ, ಗೌಡನ ಜಗಲಿಯಲ್ಲಿ ಸೈಕಲ್ಲು ನಿಂತಿದೆ. ಆದರೂ ಮೇಲಿನ ಬೀದಿಯವರ ಸಾವಿನ ಸುದ್ದಿ ಹೊತ್ತು ಅವಳಪ್ಪನೇ ಊರೂರಿಗೆ ನಡೆಯಬೇಕಿತ್ತು.

“ಅವ್ನು ಓಗಕಿಲ್ಲ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ. ಸೈಕಲ್ಲೈತಲ್ಲ, ನೀವೇ ಓಗಿ.”

ಮುನಿರಾಮಯ್ಯ ಗೊಣಗುತ್ತ ಹೋದ. ಮೂಲೆಯಲ್ಲಿದ್ದ ತಮ್ಮ ಪುಟ್ಟಮಾದ ತಲೆಯೆತ್ತಿದ.

“ಯಾಕಕ್ಕ ಅವ್ರನ್ನ ಎದುರಾಕ್ಕೊತೀಯ? ನಾನಲ್ದೆ ಇನ್ಯಾರು ಓಗ್ತಾರೆ?”

“ಬಾಯ್ಮುಚ್ಚು! ಈ ಕೆಲ್ಸ ಒಬ್ರನ್ನ ನುಂಗಿದ್ದು ಸಾಕು.”

*

ಕೆಂಚಮ್ಮನ ಮದುವೆ ಗೊತ್ತಾದಾಗ ಅಪ್ಪ ಕೆಂಚಯ್ಯ ಹೊಸ ಪಂಚೆ ಉಟ್ಟು, ಎಲೆಯಡಿಕೆ ಹಿಡಿದು, ಸೋಲೂರಿನ ತಂಗಿಯ ಮನೆಗೆ ಹೋಗಿದ್ದ. ಅವನ ಮುಖ ಕಂಡದ್ದೇ ತಡ, ತಂಗಿ ಎದೆ ಬಡಿದುಕೊಂಡು ಅಳತೊಡಗಿದಳು. ಮದುವೆಯ ಕರೆ ಎಂದು ತಿಳಿದ ಮೇಲೆ ಸಿಟ್ಟು ಬಂತು.

“ಈ ಮೊಕ ಒತ್ಕಂಡು ಒಳ್ಳೇದಕ್ಕೆ ಕರಿಯಾಕೆ ಬತ್ತಾರಾ ಅಣ್ಣ? ಬ್ಯಾರೆ ಯಾರ್ನಾದ್ರೂ ಕಳಿಸ್ಬಾರ್ದಾ?”

ಒಡಹುಟ್ಟಿದವಳೇ ಹಾಗೆಂದ ಮೇಲೆ ಊರಿನವರ ಮಾತು ಯಾಕೆ? ಮುಹೂರ್ತದ ಹೊತ್ತಿಗೆ ಕೆಂಚಯ್ಯ ಕೊಟ್ಟಿಗೆಯಲ್ಲಿ ಕೂತಿದ್ದ. ಎಷ್ಟು ಕರೆದರೂ ಏಳಲಿಲ್ಲ. ಚಿಕ್ಕಪ್ಪ ಧಾರೆಯೆರೆದ.

“ಅವ್ರು ಯೋಳೋದ್ರಲ್ಲಿ ತಪ್ಪೇನೈತವ್ವ?” ಎಂದಿದ್ದ ಅಪ್ಪ. ತಂಗಿಯ ಮಾತಿಗಿಂತ ಈ ಮಾತೇ ಕೆಂಚಮ್ಮನ ಹೊಟ್ಟೆ ಉರಿಸಿತ್ತು.

*

ಹೆಣಕ್ಕೆ ಹೂವು ಬೇಕಿತ್ತು. ಪಕ್ಕದ ಊರಿನ ದೊಡ್ಡಲಕ್ಷ್ಮಮ್ಮನ ತೋಟದಲ್ಲಿ ಸೇವಂತಿಗೆ ಬಿಟ್ಟಿತ್ತು. ತಮ್ಮನನ್ನು ಒಬ್ಬನೇ ಕಳಿಸಿದರೆ ಗೌಡ ದಾರಿಯಲ್ಲೇ ಹಿಡಿದು ಮಾಗಡಿಗೆ ಅಟ್ಟಿಯಾನೆಂದು, ಹೆಣದ ಬಳಿ ಚಿಕ್ಕಪ್ಪನನ್ನು ಕೂರಿಸಿ ಕೆಂಚಮ್ಮನೂ ಜೊತೆಗೆ ಹೊರಟಳು.

ದೊಡ್ಡಲಕ್ಷ್ಮಮ್ಮ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಬರುತ್ತಿದ್ದಳು. ಬೇಲಿಯ ಹತ್ತಿರ ನಿಂತ ಪುಟ್ಟಮಾದನನ್ನು ಕಂಡು ಅವಳ ಕುಕ್ಕೆ ಕೈಜಾರಿ ಬಿತ್ತು.

“ಅಯ್ಯೋ, ಸಾವೇಳೋ ಕೆಂಚನ ಮಗ ಅಲ್ವಾ? ಯಾರ್ಲಾ ಓದೋರು? ನಮ್ಮಣ್ಣನಾ?”

“ಇಲ್ಲ ಕಣವ್ವಾ. ನಮ್ಮಪ್ಪ.”

“ನಿಮ್ಮಪ್ಪನಾ? ಸದ್ಯ!”

ಅವಳು ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟಳು. ಚೆಲ್ಲಿದ ಸೊಪ್ಪನ್ನು ಬಾಚುತ್ತ, “ಜೀವ ಬಾಯಿಗೆ ಬಂದ್ಬುಟ್ಟಿತ್ತು ಕಣ್ಲಾ,” ಎಂದು ನಕ್ಕಳು.

ಕೈಕಟ್ಟಿ ನಿಂತಿದ್ದ ಪುಟ್ಟಮಾದ, ಅವಳ ಜೊತೆ ತಾನೂ ನಕ್ಕ.