ಒಂದೇ ತಂತಿಯ ಎರಡು ಕರೆ

ಆಸ್ಪತ್ರೆಯ ಮಂಚದ ಪಕ್ಕ ನಿಲ್ಲಿಸುವ ಆ ಪೆಟ್ಟಿಗೆಗೆ ಇದ್ದದ್ದು ಎರಡೇ ಕೆಲಸ. ರೋಗಿ ಗುಂಡಿ ಒತ್ತಿದರೆ ದೀಪ ಹಚ್ಚಿ ನರ್ಸನ್ನು ಕರೆಯಬೇಕು, ಡ್ರಿಪ್ ಬಾಟಲಿ ಬರಿದಾಗುತ್ತ ಬಂದರೆ ಕೂಗಬೇಕು. ಗುಂಡಿಯ ಸುದ್ದಿಯನ್ನು ಪೆಟ್ಟಿಗೆಯೊಳಗಿನ ಕಂಪ್ಯೂಟರಿಗೆ ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವಳು ಹುಡುಗಿ; ಡ್ರಿಪ್ಪಿನ ಡ್ರೈವರ್ ಬರೆದವನು ಅವಳ ಸೋದರಮಾವ. ಅವಳನ್ನು ಈ ಕಂಪನಿಗೆ ಕರೆತಂದು, ಕೈಹಿಡಿದು ಕೆಲಸ ಕಲಿಸಿದವನೂ ಅವನೇ.

ಈಗ ಆ ಮಾವನ ಕುರ್ಚಿಯೇ ಅಲುಗಾಡುತ್ತಿತ್ತು. ಗುಂಡಿ ಒತ್ತಿದಾಗಲೆಲ್ಲ ದೀಪ ಹತ್ತುತ್ತಿತ್ತು. ಡ್ರಿಪ್ ಮಾತ್ರ ಮನಸ್ಸು ಬಂದರೆ ಕೂಗುತ್ತಿತ್ತು, ಇಲ್ಲದಿದ್ದರೆ ಬಾಯಿಗೆ ಬೀಗ. ಬೆಳಗ್ಗೆ ಮ್ಯಾನೇಜರ್ ಬಂದು, "ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿಮ್ಮನ್ನ ಪ್ಯಾಕಿಂಗ್ ವಿಭಾಗಕ್ಕೆ ಹಾಕ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ" ಎಂದಿದ್ದ. ಬೇಜಾರು ಬೇರೆ ಮಾಡಿಕೊಳ್ಳಬಾರದಂತೆ! ಹುಡುಗಿಯನ್ನು ಕೇಳಿದಾಗ, "ನನ್ನ ಕಡೆ ಏನೂ ತಪ್ಪಿಲ್ಲ ಸರ್" ಎಂದುಬಿಟ್ಟಳು. ಹಾಗೆಂದೇ ನಂಬಿದ್ದಳು, ಪಾಪ. ಆದರೂ ಆಮೇಲೆ ಮಾವನ ಮುಖ ನೋಡಲಾಗಲಿಲ್ಲ.

ಇಬ್ಬರೂ ಪೆಟ್ಟಿಗೆ ಬಿಚ್ಚಿ ಕೂತರು. ತಂತಿ ಬದಲಿಸಿದರು, ಚಿಪ್ ಬದಲಿಸಿದರು. ಒಂಟಿಯಾಗಿ ನಡೆಸಿದರೆ ಮಾವನ ಡ್ರೈವರ್ ಒಳ್ಳೆ ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಎರಡನ್ನೂ ಸೇರಿಸಿ ಆನ್ ಮಾಡಿದರೆ ಒಮ್ಮೆ ಸರಿ, ಆರಿಸಿ ಮತ್ತೆ ಆನ್ ಮಾಡಿದರೆ ಇಲ್ಲ. ಯಾಕೆ? ತಲೆಬುಡ ತಿಳಿಯಲಿಲ್ಲ.

"ಇದಕ್ಕೇನು ಗಾಳಿ ಮೆಟ್ಕೊಂಡಿದೆಯೇನೇ?" ಎಂದ ಮಾವ.

"ಸುಮ್ನಿರು ಮಾವ, ನನ್ನ ತಲೆ ಮೊದ್ಲೇ ಕಲಸುಮೇಲೋಗರ ಆಗಿದೆ."

ಗುಂಡಿಯದು, ಡ್ರಿಪ್ಪಿನದು, ಎರಡು ಚಿಪ್ಪುಗಳೂ ಕರೆ ಕಳಿಸುತ್ತಿದ್ದದ್ದು ಒಂದೇ ತಂತಿಯಲ್ಲಿ. ಆ ಕರೆಗೆ ಇಂಟರಪ್ಟ್ ಎಂದು ಹೆಸರು, ಕೈಯಲ್ಲಿದ್ದದ್ದನ್ನು ಬಿಟ್ಟು ಇತ್ತ ನೋಡು ಎಂದು ಅದರ ಅರ್ಥ. ಕರೆ ಬಂದೊಡನೆ ಪೆಟ್ಟಿಗೆ ಡ್ರೈವರುಗಳನ್ನು ಒಂದೊಂದಾಗಿ 'ಇದು ನಿನ್ನದಾ?' ಎಂದು ಕೇಳುತ್ತಿತ್ತು. ಒಂದು ಹೌದೆಂದರೆ ಮುಂದಿನದನ್ನು ಕೇಳುತ್ತಿರಲಿಲ್ಲ. ಆನ್ ಮಾಡಿದಾಗ ಒಮ್ಮೆ ಇದು, ಒಮ್ಮೆ ಅದು, ಯಾವ ಡ್ರೈವರ್ ಮೊದಲು ಎದ್ದಿತೋ ಅದಕ್ಕೇ ಮೊದಲ ಪ್ರಶ್ನೆ. ಇದೆಲ್ಲ ಇಬ್ಬರಿಗೂ ಬಾಯಿಪಾಠ. ಗೊತ್ತಿದ್ದೂ ಹೊಳೆಯಲಿಲ್ಲ, ಏನು ಮಾಡುವುದು.

ಅಷ್ಟರಲ್ಲಿ ಇಬ್ಬರ ನಡುವೆ ಇದ್ದ ಮೇಜಿನ ಫೋನು ಬಡಿದುಕೊಂಡಿತು. ಹುಡುಗಿ ಪರದೆಯಿಂದ ಕಣ್ಣು ಕೀಳದೆ ಎತ್ತಿ, "ಹೂಂ, ಆಯ್ತು, ಆಯ್ತು" ಎಂದು ಇಟ್ಟುಬಿಟ್ಟಳು.

ಬಹಳ ಹೊತ್ತಾದ ಮೇಲೆ ಅತ್ತೆ, ಅಂದರೆ ಮಾವನ ಹೆಂಡತಿ, ಬೆವರೊರೆಸಿಕೊಳ್ಳುತ್ತ ಒಳಗೆ ಬಂದಳು.

"ಕನ್ನಡಕ ಮರೆತು ಬಂದಿದ್ರಿ. ತಂದಿದೀನಿ, ಗೇಟಿಗೆ ಬನ್ನಿ ಅಂತ ಫೋನ್ ಮಾಡಿದ್ನಲ್ಲ. ಬಿಸಿಲಲ್ಲಿ ನಿಂತು ನಿಂತು ಕಾಲು ಬಿದ್ದುಹೋಯ್ತು."

"ನಂಗ್ಯಾವ ಫೋನೂ ಬರ್ಲಿಲ್ವಲ್ಲೇ."

"ಇವಳೇ ಎತ್ಕೊಂಡು ಆಯ್ತು ಆಯ್ತು ಅಂದ್ಲು."

ಮಾವ ನಕ್ಕ. "ಯಾರಿಗೆ ಅಂತ ಕೇಳೋದೂ ಬೇಡ್ವೇನೇ ತಾಯಿ?" ಎಂದು ಹೇಳಿ ಅತ್ತೆಯನ್ನು ಗೇಟಿನವರೆಗೆ ಬಿಡಲು ಹೋದ.

ಹುಡುಗಿ ಕೂತಲ್ಲೇ ತಣ್ಣಗಾದಳು. ತನ್ನ ಡ್ರೈವರ್ ತೆರೆದು ಕೊನೆಯ ಸಾಲು ನೋಡಿದಳು. ಗುಂಡಿ ಒತ್ತಿದ್ದರೆ ಅದು ದೀಪ ಹಚ್ಚುತ್ತಿತ್ತು, ಸರಿಯೇ. ಆದರೆ ಒತ್ತಿರಲಿ ಬಿಡಲಿ, ಕೊನೆಗೆ 'ನನ್ನದೇ' ಎನ್ನುತ್ತಿತ್ತು! ಅದು ಮೊದಲು ಎದ್ದಾಗಲೆಲ್ಲ ಡ್ರಿಪ್ಪಿನ ಕರೆಯನ್ನೂ ತಾನೇ ನುಂಗಿ ಕೂರುತ್ತಿತ್ತು; ಮಾವನ ಡ್ರೈವರಿಗೆ ಕರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಗುಂಡಿಯ ಚಿಪ್ಪನ್ನು ಮೊದಲು ವಿಚಾರಿಸಿ, ಅದರದಲ್ಲದಿದ್ದರೆ 'ನನ್ನದಲ್ಲ' ಎನ್ನುವಂತೆ ತಿದ್ದಿದಳು. ಆರಿಸಿದಳು, ಆನ್ ಮಾಡಿದಳು, ಮತ್ತೆ ಮತ್ತೆ. ಪ್ರತಿ ಸಲವೂ ಡ್ರಿಪ್ ಕೂಗಿತು.

ಆ ಕೂಗಿಗೆ ಮ್ಯಾನೇಜರ್ ಒಂದು ಬಾಗಿಲಿಂದ ಬಂದ, ಮಾವ ಇನ್ನೊಂದರಿಂದ.

"ಸರಿಹೋಯ್ತಾ? ಯಾರ ತಪ್ಪು?" ಎಂದ ಮ್ಯಾನೇಜರ್.

ಮಾವ ಪರದೆಯ ಕಡೆ ನೋಡಲೂ ಇಲ್ಲ. ಹುಡುಗಿಯ ತುಂಬಿದ ಕಣ್ಣು ನೋಡಿದ, ಅಷ್ಟೆ.

"ನನ್ನದೇ ಸರ್" ಎಂದ.

ಹುಡುಗಿ ಎದ್ದು ನಿಂತಳು. "ನೋಡದೇನೇ ನನ್ನದು ಅನ್ಬೇಡ ಮಾವ. ಬೆಳಗ್ಗೆಯಿಂದ ನಮ್ಮನ್ನ ಗೋಳು ಹುಯ್ಕೊಂಡಿದ್ದು ಅದೇ." ಮ್ಯಾನೇಜರ್ ಕಡೆ ತಿರುಗಿದಳು. "ತಪ್ಪು ನನ್ನದು ಸರ್. ಈ ಸಲ ನೋಡಿ ಹೇಳ್ತಿದೀನಿ."