ಮೇಸ್ತ್ರಿಯ ಕೈಯಳತೆ

ಬೋಲ್ಟು ಬಿಗಿ ಮಾಡುವುದಕ್ಕೂ ಅಳತೆ ಬೇಕೆಂದು ಯಾರಾದರೂ ಹೇಳಿದರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. "ಅಡುಗೆ ಮಾಡೋರು ಉಪ್ಪನ್ನ ತೂಕ ಹಾಕ್ತಾರೇನ್ರೀ?" ಎಂದು ಕೇಳಿ ಎದುರಿನವರ ಬಾಯಿ ಮುಚ್ಚಿಸುತ್ತಿದ್ದ. ಮೂವತ್ತೆಂಟು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈ ಅದು. ಎಷ್ಟು ಬಿಗಿ ಸಾಕು ಎನ್ನುವುದನ್ನು ಬಲಗೈ ಹೆಬ್ಬೆರಳೇ ಹೇಳಿಬಿಡುತ್ತಿತ್ತು. ಆದರೆ ಎರಡು ವರ್ಷದಿಂದ ಆ ಹೆಬ್ಬೆರಳು ಜೋಮು ಹಿಡಿದು ಕೂತಿತ್ತು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಇದನ್ನವನು ಹೆಂಡತಿಗೂ ಹೇಳಿರಲಿಲ್ಲ.

ಈಗ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದದ್ದು ಅವನ ಅಕ್ಕನ ಟ್ಯಾಕ್ಸಿಯ ಎಂಜಿನ್. ಅಕ್ಕನೆಂದರೆ ಸಾಮಾನ್ಯಳೇ? ಅರವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತೈದು ವರ್ಷ ಸ್ಟೇರಿಂಗ್ ಹಿಂದೆಯೇ ಕಳೆದವಳು. ಅವಳ ಬಾಯಿಗೆ ಹೆದರಿ ಲಾರಿಗಳೂ ದಾರಿ ಬಿಡುತ್ತಿದ್ದವು. ಹೋದ ವರ್ಷ ತಮ್ಮನೇ ಕೈಯಾರೆ ಜೋಡಿಸಿಕೊಟ್ಟ ಈ ಎಂಜಿನ್ ಎಂಟೇ ತಿಂಗಳಿಗೆ ಮೇನ್ ಬೇರಿಂಗ್ ಸವೆಸಿಕೊಂಡು, ಗಡಗಡ ಸದ್ದು ಮಾಡಿ ನಿಂತುಬಿಟ್ಟಿತ್ತು.

ಯಾಕೆಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಬಿಚ್ಚುವಾಗ ಬೇರಿಂಗನ್ನು ಅದುಮಿ ಹಿಡಿಯುವ ಐದು ಕ್ಯಾಪುಗಳಲ್ಲಿ ನಾಲ್ಕರ ಬೋಲ್ಟುಗಳು ಮೈಬಲವನ್ನೆಲ್ಲ ಬೇಡಿದ್ದವು. ಮೂರನೇ ಕ್ಯಾಪಿನವು ಮಾತ್ರ ಬಾಟಲಿ ಮುಚ್ಚಳದ ಹಾಗೆ ಸಲೀಸಾಗಿ ಬಂದಿದ್ದವು. ಅವನು ಕೊಟ್ಟ ಬಿಗಿಯೇ ಸಾಲದೆ ಹೋಗಿತ್ತು. ಅಂದಿನಿಂದ ಅವನಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಈ ಸಲ ಕೆಲಸ ಹಿಡಿದವಳು ಮಗಳು. ದೊಡ್ಡ ವರ್ಕ್‌ಶಾಪಿನಲ್ಲಿ ಮೂರು ವರ್ಷ ಪಳಗಿ ಬಂದವಳು. ಹೊಸ ಬೇರಿಂಗ್ ಕೂರಿಸಿ, ಅದರಲ್ಲಿ ತಿರುಗುವ ಕ್ರ್ಯಾಂಕ್ ದಂಡ ಇಳಿಸಿ, ಸಂದು ಅಳೆಯಲು ಐದೂ ಕಡೆ ದಾರದಷ್ಟು ಸಣ್ಣ ಪ್ಲಾಸ್ಟಿಕ್ ಎಳೆ ಇಟ್ಟು ಕ್ಯಾಪ್ ಮುಚ್ಚಿದಳು.

"ಅಪ್ಪಾ, ಕ್ರ್ಯಾಂಕ್ ತಿರುಗಿಸಬೇಡ. ಎಳೆ ಹಾಳಾಗುತ್ತೆ."

"ನೋಡೋದಕ್ಕಾದ್ರೂ ಅಪ್ಪಣೆ ಇದೆಯಾ ತಾಯಿ?"

ಅವಳು ಟಾರ್ಕ್ ರೆಂಚ್ ಹಾಕಿ ಎಳೆದಳು. ಹೇಳಿಟ್ಟ ಬಿಗಿ ಬಂದೊಡನೆ ಅದು ಕಟಕ್ ಎಂದಿತು. ಮತ್ತೆ ಕ್ಯಾಪ್ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅಳತೆಪಟ್ಟಿಗೆ ಹಿಡಿದು ನೋಡಿದಳು. ಐದು ಕಡೆಯೂ ಸಂದು ಕೂದಲೆಳೆಗಿಂತ ಕಡಿಮೆ, ಎಣ್ಣೆ ಹರಿಯಲು ಬೇಕಾದಷ್ಟೇ. ಎಳೆಗಳನ್ನು ಒರೆಸಿ ತೆಗೆದು, ಬೇರಿಂಗಿಗೆ ಎಣ್ಣೆ ಸವರಿ, ಕೊನೆಯ ಬಿಗಿಗೆ ಕೈ ಹಾಕುವ ಹೊತ್ತಿಗೆ ಅಕ್ಕ ಬಂದಳು.

"ಲೋ, ಗಿರಾಕಿ ಸಿಕ್ಕಿದ ಕಣೋ. ಎಂಜಿನ್ ಎದ್ದ ತಕ್ಷಣ ಕಾರು ಕೊಟ್ಟುಬಿಡ್ತೀನಿ."

ಮೇಸ್ತ್ರಿ ಥಟ್ಟನೆ ತಲೆಯೆತ್ತಿದ. "ಯಾಕಕ್ಕಾ?"

"ಇನ್ಯಾಕೆ? ನೀನು ಕಟ್ಟಿದ ಎಂಜಿನ್ನನ್ನೇ ಎಂಟು ತಿಂಗಳಿಗೆ ಹಾಳು ಮಾಡಿದೀನಿ ಅಂದ್ರೆ ನನ್ನ ಕಾಲಿಗೆ ವಯಸ್ಸಾಯ್ತು ಅಂತಲೇ. ಆಕ್ಸಿಲರೇಟರ್ ಯಾವಾಗ ತುಳೀತೀನೋ, ಎಷ್ಟು ತುಳೀತೀನೋ, ನಂಗೇ ತಿಳೀತಿಲ್ಲ ಅನ್ಸುತ್ತೆ. ಇನ್ನು ಮನೇಲಿ ಕೂತು ಸೊಸೆ ತಲೆ ತಿಂತೀನಿ, ಅವಳ ಗ್ರಹಚಾರ." ಅಕ್ಕ ನಗಲು ಹೊರಟಳು, ಆಗಲಿಲ್ಲ. "ಒಂದು ಆಸೆ ಕಣೋ. ಕೊನೇ ಬಿಗಿ ನೀನೇ ಹಾಕು. ಇದು ನನ್ನ ತಮ್ಮನ ಕೈಕೆಲಸ ಅಂತ ಹೇಳಿ ಕೊಡ್ತೀನಿ."

ಮೇಸ್ತ್ರಿ ತನ್ನ ಹಳೇ ಸ್ಪ್ಯಾನರ್ ತೆಗೆದುಕೊಂಡು ಮೂರನೇ ಕ್ಯಾಪಿನ ಬೋಲ್ಟನ್ನು ಬಿಗಿ ಮಾಡಿದ. ಸಾಕೆನಿಸಿತು. ಮಗಳು ಅದರ ಮೇಲೆ ಟಾರ್ಕ್ ರೆಂಚ್ ಇಟ್ಟು ಎಳೆದಳು. ಬೋಲ್ಟು ತಿರುಗಿತು, ಇನ್ನೂ ತಿರುಗಿತು, ಹತ್ತಿರ ಹತ್ತಿರ ಕಾಲು ಸುತ್ತು ಹೋದ ಮೇಲೆ ಕಟಕ್ ಎಂದಿತು. ಮಗಳು ಅಪ್ಪನ ಮುಖ ನೋಡಿದಳು.

"ಸ್ವಲ್ಪ ಕಮ್ಮಿ ಇತ್ತು, ಅಷ್ಟೇ," ಎಂದಳು ಮೆಲ್ಲಗೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೇಸ್ತ್ರಿಗೂ ಗೊತ್ತಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು, ಅಕ್ಕ ಮಾತ್ರ ಮನೆ ಸೇರುತ್ತಿದ್ದಳು.

"ಅಕ್ಕಾ, ನಿನ್ನ ಕಾಲಲ್ಲ. ನನ್ನ ಕೈ," ಎಂದ. "ಹೋದ ವರ್ಷವೂ ಹೀಗೇ ಆಗಿದೆ. ಹೆಬ್ಬೆರಳು ಸತ್ತು ಎರಡು ವರ್ಷ ಆಯ್ತು. ಹೇಳೋಕೆ ನಾಚಿಕೆ ಆಗಿ ಮುಚ್ಚಿಟ್ಟೆ."

ಶುರುವಾಯಿತು ನೋಡಿ ಅಕ್ಕನ ಬೈಗುಳ. "ಕತ್ತೆ! ಇಪ್ಪತ್ತು ದಿನ ನಿದ್ದೆ ಇಲ್ದೆ ನನ್ನ ಕಾಲನ್ನೇ ಬೈಕೊಂಡು ಕೂತಿದ್ನಲ್ಲೋ! ಎಣ್ಣೆ ಬೇರೆ ತಿಕ್ಕಿಸ್ಕೊಂಡೆ!" ಬೈಯುತ್ತಲೇ ಅವನ ಕೈ ಎಳೆದುಕೊಂಡು ಹೆಬ್ಬೆರಳನ್ನು ಬಲವಾಗಿ ಚಿವುಟಿದಳು. "ನೋಯುತ್ತಾ?"

"ಇಲ್ಲ."

ಕಿವಿ ಹಿಡಿದು ತಿರುಚಿದಳು.

"ಅಯ್ಯಯ್ಯೋ, ಅಕ್ಕಾ!"

"ಸದ್ಯ, ಪೂರ್ತಿ ಸತ್ತಿಲ್ಲ. ನಾಳೆ ಬೆಳಗ್ಗೆ ಡಾಕ್ಟ್ರ ಹತ್ರ ನಡಿ." ಸೆರಗಿನಿಂದ ಕಣ್ಣೊರೆಸಿಕೊಂಡು ಗಿರಾಕಿಗೆ ಫೋನ್ ಹಚ್ಚಿದಳು. "ಕಾರು ಕೊಡಲ್ಲಪ್ಪ. ರೇಟಿನ ಮಾತಲ್ಲ, ನನ್ನ ಕಾಲು ನೆಟ್ಟಗಿದೆ ಅಂತ ಈಗ ಗೊತ್ತಾಯ್ತು." ಆ ಕಡೆಯವನು ಏನೋ ಕೇಳಿದ. "ಎಂಜಿನ್ನಾ? ನನ್ನ ತಮ್ಮನೇ ಕಟ್ತಿದಾನೆ. ಮತ್ತಿನ್ಯಾರ ಕೈಗೆ ಕೊಡ್ಲಿ?"

ಮೇಸ್ತ್ರಿ ಮಗಳ ಕೈಯಿಂದ ಟಾರ್ಕ್ ರೆಂಚ್ ಇಸಿದುಕೊಂಡು ನಾಲ್ಕನೇ ಕ್ಯಾಪಿನ ಮುಂದೆ ಬಗ್ಗಿದ.

"ಕಟಕ್ ಅಂದ್ಮೇಲೆ ಇನ್ನೊಂದು ಚೂರು ಎಳೀಲಾ ಮಗಾ?"

"ಬೇಡ."

"ಒಂದೇ ಒಂದು ಚೂರು?"

"ಅಪ್ಪಾ!" ಎಂದು ಮಗಳೂ ಅಕ್ಕನೂ ಒಟ್ಟಿಗೇ ಗದರಿದರು.